ಇಂಡಕ್ಷನ್ ಒಲೆಯ ಮೇಲೆ ಅಲ್ಯೂಮಿನಿಯಂ ಪಾತ್ರೆ ಏಕೆ ಕಾಯುವುದಿಲ್ಲ?

ಇಂಡಕ್ಷನ್ ಒಲೆಯಲ್ಲಿ ಉರಿಯೂ ಇಲ್ಲ, ಕೆಂಪಗೆ ಕಾಯುವ ತಂತಿಯೂ ಇಲ್ಲ. ಗಾಜಿನ ಹಲಗೆಯ ಕೆಳಗಿರುವುದು ಚಕ್ಕುಲಿಯಂತೆ ಸುತ್ತಿದ ತಾಮ್ರದ ಸುರುಳಿ. ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್; ಒಲೆಯ ಸರ್ಕಿಟ್ ಅದನ್ನು 20,000 ಹರ್ಟ್ಸ್‌ಗೂ ಮೇಲಕ್ಕೇರಿಸಿ ಸುರುಳಿಗೆ ಹರಿಸುತ್ತದೆ. ಅದೇ ವೇಗದಲ್ಲಿ ಸುತ್ತಲಿನ ಕಾಂತಕ್ಷೇತ್ರವೂ ಬದಲಾಗುತ್ತದೆ. ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ವಿದ್ಯುತ್ ಹುಟ್ಟಿಸುತ್ತದೆಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಹೀಗೆ ಪಾತ್ರೆಯ ತಳದಲ್ಲಿ ಸುಳಿಪ್ರವಾಹಗಳು ಏಳುತ್ತವೆ. ಲೋಹದ ರೋಧ ಅವನ್ನು ಶಾಖವಾಗಿಸುತ್ತದೆ. ಕಾಯುವುದು ಪಾತ್ರೆಯೇ, ಗಾಜು ಬಿಸಿಯಾಗುವುದು ಪಾತ್ರೆಯಿಂದ.

ಅಲ್ಯೂಮಿನಿಯಂ ಕೂಡ ಲೋಹವೇ, ಅದರಲ್ಲೂ ಪ್ರವಾಹ ಏಳುತ್ತದೆ. ಸ್ವಾರಸ್ಯ ಇರುವುದು ಇಲ್ಲೇ. ಕಬ್ಬಿಣ ಕಾಂತೀಯ ಲೋಹವಾದ್ದರಿಂದ ಪ್ರವಾಹ ತಳದ ತೀರ ತೆಳುವಾದ ಪದರದಲ್ಲಿ, ಸುಮಾರು 0.1 ಮಿಲಿಮೀಟರಿನಷ್ಟರಲ್ಲಿ, ಇಕ್ಕಟ್ಟಾಗಿ ಹರಿಯುತ್ತದೆ. ಇಕ್ಕಟ್ಟು ಹೆಚ್ಚಿದಷ್ಟೂ ರೋಧ ಹೆಚ್ಚು, ಶಾಖವೂ ಹೆಚ್ಚು. ಅಲ್ಯೂಮಿನಿಯಂನಲ್ಲಿ ಪ್ರವಾಹ ಇನ್ನಷ್ಟು ಆಳಕ್ಕಿಳಿಯುತ್ತದೆ, ಆ ಲೋಹದ ರೋಧವೂ ಕಡಿಮೆ; ಹಾಗಾಗಿ ಶಾಖ ಸಾಲದು. ತಾಮ್ರದ್ದೂ ಇದೇ ಪಾಡು. ಅನೇಕ ಒಲೆಗಳು ಇಂಥ ಪಾತ್ರೆಯನ್ನು ಗುರುತಿಸಿ ತಾವಾಗಿಯೇ ನಿಲ್ಲುತ್ತವೆ.

ಕೊಳ್ಳುವ ಮುನ್ನ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿದು ನೋಡಬೇಕು. ಗಟ್ಟಿಯಾಗಿ ಅಂಟಿದರೆ ಅದು ಈ ಒಲೆಗೆ ಆಗುತ್ತದೆ. ಸ್ಟೀಲ್ ಎಂದ ಮಾತ್ರಕ್ಕೆ ನಂಬುವಂತಿಲ್ಲ: ನಿಕಲ್ ಹೆಚ್ಚಿರುವ ಸ್ಟೀಲಿಗೆ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ.