ಅಬಲೂರಿನ ಕಲ್ಲಿನಲ್ಲಿ ಚೌಕಟ್ಟಿನ ಪಾಠ

ದೀಪಾವಳಿ ಕಳೆದು ಹೋರಿ ಬೆದರಿಸುವ ಹಬ್ಬ ಶುರುವಾದರೆ ಹಾವೇರಿ ಜಿಲ್ಲೆಯ ಹುಡುಗರ ಮೊಬೈಲ್‌ಗಳಿಗೆ ಬಿಡುವೇ ಇಲ್ಲ. ಕೊಬ್ಬರಿ ಸರ, ಬಲೂನು, ಜೂಲ ತೊಟ್ಟ ಹೋರಿ ಅಖಾಡಕ್ಕೆ ನುಗ್ಗುವ ಗಳಿಗೆಗೆ ನೂರು ಕೈ ಮೇಲೇಳುತ್ತವೆ. ಸಂಜೆ ಸ್ಟೇಟಸ್ ನೋಡಿ: ಹೋರಿಯ ಮೂತಿ ಚಿತ್ರದ ಅಂಚಿಗೆ ಡಿಕ್ಕಿ ಹೊಡೆದಿರುತ್ತದೆ, ಅರ್ಧ ಜಾಗವನ್ನು ಪಕ್ಕದವನ ಮೊಣಕೈ ತಿಂದಿರುತ್ತದೆ, ಹಿಂದಿನ ಲೈಟಿನ ಕಂಬ ಹೋರಿಯ ಬೆನ್ನಿನಿಂದಲೇ ಎದ್ದಂತಿರುತ್ತದೆ. ಕ್ಯಾಮೆರಾದ್ದೇನೂ ತಪ್ಪಿಲ್ಲ. ಇವತ್ತಿನ ಮೊಬೈಲು ಬೆಳಕನ್ನೂ ಫೋಕಸನ್ನೂ ತಾನೇ ನೋಡಿಕೊಳ್ಳುತ್ತದೆ. ಯಾವುದನ್ನು ಒಳಗಿಡಬೇಕು, ಯಾವುದನ್ನು ಹೊರಗೆ ಬಿಡಬೇಕು ಅನ್ನುವುದು ಮಾತ್ರ ಹಿಡಿದವನ ಪಾಲಿಗೇ ಉಳಿದಿದೆ. ಕಾಂಪೊಸಿಷನ್ ಅಂದರೆ ಅಷ್ಟೇ.

ಕಲಿಯೋಣವೆಂದು ಯೂಟ್ಯೂಬ್ ತೆರೆದರೆ ಮೊದಲು ಎದುರಾಗುವುದು 'ರೂಲ್ ಆಫ್ ಥರ್ಡ್ಸ್'. ಪರದೆಯನ್ನು ಒಂಬತ್ತು ಮನೆ ಮಾಡಿ, ಮುಖ್ಯವಾದದ್ದನ್ನು ಗೆರೆಗಳು ಕೂಡುವಲ್ಲಿ ಇಡಿ ಎನ್ನುತ್ತಾರೆ. ಇದು ಫೋಟೊಗ್ರಫಿಗಿಂತ ಹಳೆಯ ಮಾತು. ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲೇ ನಿಸರ್ಗಚಿತ್ರದ ಬಗ್ಗೆ ಬರೆಯುತ್ತ ಮೂರು ಪಾಲಿನ ಈ ಲೆಕ್ಕ ಹೇಳಿದ್ದ. ಆರಂಭಕ್ಕೆ ಅಡ್ಡಿಯಿಲ್ಲ. ಆದರೆ ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋಗಿ, ಛತ್ತಿನ ಕಮಲವನ್ನು ನಡುವಿನಿಂದ ಸರಿಸಿ ಒಂದು ಬದಿಗಿಟ್ಟು ತೆಗೆದು ನೋಡಿ. ಶಿಲ್ಪಿ ಇಡೀ ಛತ್ತನ್ನು ಆ ನಡುವಿನ ಸುತ್ತಲೇ ಕಟ್ಟಿದ್ದಾನೆ, ನಿಯಮ ಅಲ್ಲಿ ನಡೆಯುವುದಿಲ್ಲ.

ಹಿರೇಕೆರೂರು ಸೀಮೆಯ ಅಬಲೂರಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠವಿದೆ, ಸೋಮೇಶ್ವರ ಗುಡಿಯಲ್ಲಿ. ಅಲ್ಲಿನ ಶಾಸನ ಸುಮಾರು ಕ್ರಿ.ಶ. 1200ರದು. ಶಾಸನತಜ್ಞ ಫ್ಲೀಟ್ ಅದನ್ನು 'ಎಪಿಗ್ರಾಫಿಯಾ ಇಂಡಿಕಾ'ದ ಐದನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ ಮೇಲೆ ಊರಿನ ಹೆಸರು ವಿದ್ವಾಂಸರ ಬಾಯಲ್ಲಿ ನಿಂತಿತು. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಅರಿದುಕೊಂಡ, ಶಿವನ ದಯೆಯಿಂದ ಮತ್ತೆ ಪಡೆದ ಎಂಬ ಕಥೆ ಅದರಲ್ಲಿದೆ. ಅದೇ ಕಥೆ ಗುಡಿಯ ಕೆತ್ತನೆಯ ಫಲಕಗಳಲ್ಲೂ ಇದೆ, ಜೊತೆಗೆ ಇದು ಇಂಥದ್ದು ನಡೆದ ತಾಣ ಎಂದು ಹೇಳುವ ಚಿಕ್ಕ ಬರಹಗಳಿವೆ. ಪತ್ರಿಕೆಯವರು ಫೋಟೊ ಕೆಳಗೆ ಹಾಕುವ ಅಡಿಬರಹದ ಕೆಲಸವನ್ನೇ ಅವು ಮಾಡುತ್ತವೆ.

ಆ ಮತಕಲಹದ ಚರ್ಚೆ ಇತಿಹಾಸಕಾರರಿಗಿರಲಿ. ಫೋಟೊ ತೆಗೆಯುವವನು ನೋಡಬೇಕಾದ್ದು ಶಿಲ್ಪಿಯ ಇಕ್ಕಟ್ಟನ್ನು. ಶಾಸನ ಬರೆದವನಿಗೆ ಸಾಲುಗಳಿಗೇನು ಬರ? ಪಣ ಕಟ್ಟಿದ್ದು, ತಲೆ ಹೋದದ್ದು, ಏಳು ದಿನದ ಮೇಲೆ ಬಂದದ್ದು, ಎಲ್ಲವನ್ನೂ ಒಂದರ ಹಿಂದೊಂದು ಹೇಳಬಹುದು. ಆದರೆ ರಾಮಯ್ಯನಿಂದ ಬಸದಿ ಉಳಿಸಲು ಜೈನರ ಮುಖಂಡ ಸಂಕಗಾವುಂಡ ಆಳು, ಕುದುರೆ ಒಡ್ಡಿ ನಿಂತದ್ದನ್ನೂ ಹೇಳಬೇಕೆಂದರೆ ಉಳಿಯವನಿಗೆ ಇರುವುದು ಅಳೆದಿಟ್ಟಷ್ಟು ಕಲ್ಲು. ದಂಡು ತೋರಿಸಬೇಕು, ಆದರೆ ಇಡೀ ದಂಡು ಹಿಡಿಸುವುದಿಲ್ಲ. ಹೋರಿ ಹಬ್ಬದ ಹುಡುಗನ ಕಷ್ಟವೂ ಇದೇ ಅಲ್ಲವೇ? ಮೊಬೈಲನ್ನು ಜೇಬಿನಲ್ಲಿಟ್ಟು ಆ ಫಲಕಗಳ ಮುಂದೆ ಸುಮ್ಮನೆ ಹತ್ತು ನಿಮಿಷ ನಿಲ್ಲಬೇಕು. ಇಡೀ ಕಥೆಯಲ್ಲಿ ಶಿಲ್ಪಿ ಯಾವ ಗಳಿಗೆ ಆರಿಸಿಕೊಂಡಿದ್ದಾನೆ? ಯಾರನ್ನು ದೊಡ್ಡದು ಮಾಡಿದ್ದಾನೆ? ಮುಖಗಳು ಯಾವ ಕಡೆ ತಿರುಗಿವೆ? ಜಾಗ ಎಲ್ಲಿ ಖಾಲಿ ಬಿಟ್ಟಿದ್ದಾನೆ? ಬರಹವನ್ನು ಅಂಗೈಯಿಂದ ಮರೆ ಮಾಡಿದರೆ ಕಥೆ ಎಷ್ಟು ತಿಳಿಯುತ್ತದೆ? ಆಮೇಲೆ ಬೇಕಾದರೆ ಕ್ಲಿಕ್ಕಿಸಿ, ಆದರೆ ಫ್ಲ್ಯಾಶ್ ಬೇಡ. ಎದುರಿನಿಂದ ಬೀಳುವ ಬೆಳಕು ಉಬ್ಬುಗೆತ್ತನೆಯ ನೆರಳನ್ನೆಲ್ಲ ಅಳಿಸಿಹಾಕುತ್ತದೆ. ಕಲ್ಲಿಗೆ ಬದಿಯ ಬೆಳಕೇ ಬೇಕು.

ಇನ್ನೊಂದು ಪಾಠಶಾಲೆ 1850ರ ದಶಕದ್ದು. ಮುಂಬಯಿ ಸರ್ಕಾರ ಗುಡಿ-ಗುಮ್ಮಟಗಳ ಫೋಟೊ ತೆಗೆಯಲು 1855ರಲ್ಲಿ ಥಾಮಸ್ ಬಿಗ್ಸ್ ಅವರನ್ನೂ ಅವರ ಬೆನ್ನಿಗೆ ಡಾ. ಪಿಗೌ ಅವರನ್ನೂ ನೇಮಿಸಿತು. ಇವರಿಬ್ಬರ ಮತ್ತು ಡಾ. ನೀಲ್ ಅವರ ಚಿತ್ರಗಳು, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಬರಹದೊಂದಿಗೆ, 1866ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಎಂಬ ಪುಸ್ತಕವಾದವು. ಹಾವೇರಿ, ಗಳಗನಾಥ, ಚೌಡದಾನಪುರದ ಗುಡಿಗಳನ್ನೂ ಆಗ ಕ್ಯಾಮೆರಾ ಕಂಡಿತು. ಕಾಗದದ ನೆಗೆಟಿವ್, ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು. ಐವತ್ತು ತೆಗೆದು ಒಂದನ್ನು ಉಳಿಸಿಕೊಳ್ಳುವ ಐಷಾರಾಮ ಎಲ್ಲಿಂದ ಬರಬೇಕು? ಎಲ್ಲಿ ನಿಲ್ಲಬೇಕೆಂದು ಮೊದಲೇ ತೀರ್ಮಾನಿಸಬೇಕಿತ್ತು. ಆ ಕಾಲದ ಒಂದು ಚಿತ್ರವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಅದೇ ಗುಡಿಗೆ ಹೋಗಿ, ಫೋಟೊಗ್ರಾಫರ್ ನಿಂತ ಜಾಗ ಹುಡುಕಿ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಶಿಖರಕ್ಕೂ ಮಂಟಪಕ್ಕೂ ಇರುವ ಸಂಬಂಧವೇ ಬದಲಾಗುವುದು ಕಣ್ಣಿಗೆ ಹೊಡೆಯುತ್ತದೆ. ಯಾವ ವಿಡಿಯೊವೂ ಇದನ್ನು ಕಾಲಿಗೆ ಕಲಿಸಲಾರದು.

ಪುಸ್ತಕ ಬೇಕೆನ್ನುವವರು ನಿಯಮಗಳ ಪುಸ್ತಕಕ್ಕಿಂತ ಚಿತ್ರಗಳ ಪುಸ್ತಕ ಹುಡುಕುವುದು ಲೇಸು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಫೋಟೊಗಳಲ್ಲಿ ಸಾಮಾನ್ಯ ಜನ ಎಷ್ಟು ಸಲೀಸಾಗಿ ಚೌಕಟ್ಟಿನೊಳಗೆ ಕೂತಿರುತ್ತಾರೆಂದರೆ, ಯಾರೋ ಅದನ್ನು ಜೋಡಿಸಿದ್ದು ಎಂಬುದೇ ಮರೆತುಹೋಗುತ್ತದೆ. ಸಂಡೂರಿನ ಎಂ. ವೈ. ಘೋರ್ಪಡೆ ಅವರ 1983ರ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಕಪ್ಪು-ಬಿಳುಪಿನ ಕಾಡು. ಬಣ್ಣದ ಆಸರೆ ಇಲ್ಲದಾಗ ಬೆಳಕು-ನೆರಳೇ ಎಲ್ಲ ಹೊರಬೇಕು. ತೇಜಸ್ವಿಯವರ ಹಕ್ಕಿಗಳಂತೂ ಕನ್ನಡಿಗರಿಗೆ ಹೇಳಬೇಕಾದ್ದಿಲ್ಲ. ಸಿದ್ಧಾಂತ ಬೇಕೇ ಬೇಕೆಂದರೆ ಜಾನ್ ಸಾರ್ಕೋವ್‌ಸ್ಕಿಯ 1966ರ 'ದಿ ಫೋಟೋಗ್ರಾಫರ್ಸ್ ಐ' ಸಾಕು. ಅದರಲ್ಲೂ ಓದಿಗಿಂತ ಚಿತ್ರವೇ ಹೆಚ್ಚು.

ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಸಾಲುಗಳನ್ನು ಪಳಗಿಸಲು ಬಂಕಾಪುರದ ಅರವತ್ತು ಕಂಬದ ಗುಡಿ. ಗಾತ್ರ ತೋರಿಸುವುದು ಹೇಗೆಂದು ತಿಳಿಯಲು ಸವಣೂರಿನ ದೊಡ್ಡಹುಣಸೆ: ಬುಡದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸದಿದ್ದರೆ ಆ ಮರ ಫೋಟೊದಲ್ಲಿ ಬರೀ ಮರ.

ಉಳಿದದ್ದು ತಪ್ಪು ತೋರಿಸುವವರು. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಇದೆ, ಅಂಥ ಕೂಟದ ಸಹವಾಸ ಸಿಕ್ಕರೆ ಪುಣ್ಯ. ಲೈಕು ಒತ್ತುವ ಗೆಳೆಯರಿಂದ ಈ ಕೆಲಸ ಆಗದು. ಹಿರೇಕೆರೂರಿನಂಥ ಊರಲ್ಲಾದರೆ ಹಳೆಯ ಸ್ಟುಡಿಯೊದವರನ್ನು ಕೇಳಿ. ಮದುವೆ ಮಂಟಪದಲ್ಲಿ ಬೀಗರು, ಸೋದರಮಾವ, ಅಳುವ ಕೂಸು, ಮುನಿಸಿಕೊಂಡ ದೊಡ್ಡಪ್ಪ, ಎಲ್ಲರನ್ನೂ ಒಂದೇ ಫ್ರೇಮಿನಲ್ಲಿ, ಯಾರ ಮುಖವೂ ಮರೆಯಾಗದಂತೆ, ಯಾರ ಮಾನವೂ ಕುಂದದಂತೆ ನಿಲ್ಲಿಸಿದವರು ಅವರು. ಅದೂ ರೋಲಿಗೆ 36 ಫೋಟೊ ಮಾತ್ರ ಇದ್ದ ಕಾಲದಲ್ಲಿ.