ಮಾಯದ ಹುಣ್ಣು ಮತ್ತು 'ಕರೆಂಟ್' ಚಿಕಿತ್ಸೆ



ಹಾನಗಲ್, ಶಿಗ್ಗಾಂವ, ಸವಣೂರ, ಹಿರೇಕೆರೂರ ಎಲ್ಲೇ ಸಂಘದ ಸಭೆ ಇರಲಿ, ಕ್ಯಾನ್ಸರ್ ಎಂದರೆ ಎದೆಯದ್ದು, ಗರ್ಭಕೋಶದ್ದು, ಬಾಯಿಯದ್ದು ಎನ್ನುತ್ತೇವೆ. ಚರ್ಮಕ್ಕೂ ಬರುತ್ತದೆ ಎಂದರೆ "ಹೌದೇನ್ರೀ ಸಿಸ್ಟರ್?" ಎಂದು ಕೇಳುವವರೇ ಹೆಚ್ಚು. ನಮ್ಮ ಮೈಬಣ್ಣದವರಲ್ಲಿ ಅದು ಕಡಿಮೆ, ನಿಜ. ಆದರೆ ಬಂದಾಗ ಬರೀ ಹುಣ್ಣಿನಂತೆ ಕಾಣುವುದರಿಂದ ಅರಿಶಿಣ, ಮುಲಾಮು ಹಚ್ಚುತ್ತಾ ವರ್ಷ ಕಳೆದುಬಿಡುತ್ತೇವೆ.

ಹೆಣ್ಣುಮಕ್ಕಳು ಎರಡು ಜಾಗ ನೋಡಿಕೊಳ್ಳಬೇಕು. ಒಂದು, ಹಿಂದೆಂದೋ ಒಲೆಯಲ್ಲಿ ಸುಟ್ಟುಕೊಂಡ ಕಲೆ. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದ ಕಲೆ ಒಡೆದು ಹುಣ್ಣಾದರೆ ತೋರಿಸಲೇಬೇಕು. ಇನ್ನೊಂದು ಸೊಂಟ. ಲಂಗದ ಲಾಡಿಯನ್ನು ದಿನಾ ಒಂದೇ ಜಾಗದಲ್ಲಿ ಬಿಗಿದು ಕಟ್ಟಿದರೆ ಚರ್ಮ ಕಪ್ಪಾಗಿ, ದಪ್ಪಗಾಗಿ, ಕೆಲವರಿಗೆ ಹುಣ್ಣಾಗುತ್ತದೆ. ಅಪರೂಪಕ್ಕೆ ಅದು ಕ್ಯಾನ್ಸರಿಗೆ ತಿರುಗುತ್ತದೆ. ಧೋತರ ಉಡುವವರಲ್ಲಿ ಇಂಥದ್ದನ್ನು ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲೇ ಬರೆದಿದ್ದರು. 2024ರಲ್ಲಿ ವಾರ್ಧಾ ಮತ್ತು ಬಿಹಾರದ ವೈದ್ಯರು ಇಬ್ಬರು ವಯಸ್ಸಾದ ಹೆಂಗಸರ ವಿಷಯ ವರದಿ ಮಾಡಿದರು. ಒಬ್ಬರ ಹುಣ್ಣು 18 ತಿಂಗಳಾದರೂ ಮಾದಿರಲಿಲ್ಲ. ಲಾಡಿ ಸಡಿಲ ಕಟ್ಟಿರಿ, ಅಗಲದ ಪಟ್ಟಿ ಹೊಲಿಸಿರಿ. ಹೊಲಿಗೆ ಕಲಿತವರು ಸಂಘದಲ್ಲೇ ಇದ್ದಾರಲ್ಲ!

ತಿಂಗಳಾದರೂ ಮಾಯದ ಹುಣ್ಣಿದ್ದರೆ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರ್ ಎಂದಾದರೆ ಹೆಚ್ಚಿನವರಿಗೆ ಕೊಯ್ದು ತೆಗೆಯುವುದೇ ಮೊದಲ ಚಿಕಿತ್ಸೆ; ಸುಟ್ಟ ಕಲೆಯ ಮೇಲಿನದಕ್ಕಂತೂ ಸಾಮಾನ್ಯವಾಗಿ ಅದೇ. ವಯಸ್ಸಾಗಿ ಆಪರೇಶನ್ ತಡೆಯದವರಿಗೆ, ಮೂಗು, ತುಟಿ, ರೆಪ್ಪೆಯಂಥ ಜಾಗಕ್ಕೆ, ಅಥವಾ ಆಪರೇಶನ್ ನಂತರ ರೋಗ ಉಳಿದಿರಬಹುದೆಂಬ ಸಂಶಯವಿದ್ದಾಗ ರೇಡಿಯೇಶನ್ ಕೊಡುತ್ತಾರೆ.

ಇದನ್ನೇ ಜನ 'ಕರೆಂಟ್ ಕೊಡೋದು' ಅನ್ನುತ್ತಾರೆ. ಹೆಸರು ಕೇಳಿಯೇ ಅರ್ಧ ಜೀವ ಹೋಗುತ್ತದೆ! ಇದು ಮನೆಯ ಕರೆಂಟ್ ಅಲ್ಲ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇ ಜಾತಿಯ ಬಲವಾದ ಕಿರಣ, ಇಲ್ಲವೇ ಚರ್ಮದ ಮೇಲ್ಭಾಗದಲ್ಲೇ ನಿಲ್ಲುವ ಎಲೆಕ್ಟ್ರಾನ್ ಕಿರಣ ಬಿಡುತ್ತಾರೆ. ಕೆಲವೇ ನಿಮಿಷ, ನೋವಿಲ್ಲ. ಕಿರಣ ತಾಗಿದ ಕ್ಯಾನ್ಸರ್ ಜೀವಕೋಶ ಮತ್ತೆ ಬೆಳೆಯಲಾರದು. ಒಳ್ಳೆಯ ಜೀವಕೋಶ ಸುಧಾರಿಸಿಕೊಳ್ಳುತ್ತದೆ. ಅದಕ್ಕೆ ಬಿಡುವು ಬೇಕೆಂದೇ ವಾರಕ್ಕೆ ಐದು ದಿನದಂತೆ ಹಲವು ವಾರ ಸ್ವಲ್ಪ ಸ್ವಲ್ಪ ಕೊಡುವುದು. ಆ ಜಾಗ ಕೆಂಪಾಗಿ ಸಿಪ್ಪೆ ಏಳಬಹುದು, ಅಲ್ಲಿನ ಕೂದಲು ಉದುರಬಹುದು. ತಲೆಗೂದಲು ಹೋಗುವುದಿಲ್ಲ (ಹುಣ್ಣು ತಲೆಯ ಮೇಲಿದ್ದರೆ ಮಾತ್ರ ಬೇರೆ). ಈ ಯಂತ್ರದ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಿರಿ, ಒಟ್ಟಿಗೆ ಉಣ್ಣಿರಿ. ಸೊಸೆಯಂದಿರೇ, ಅತ್ತೆಯ ತಾಟು ಬೇರೆ ಇಡಬೇಡಿರಿ.

ನಿಜವಾದ ಕಷ್ಟ ದಿನಾ ಹೋಗಿಬರುವುದು. ಕೂಲಿ ಹೋಗುತ್ತದೆ, ಸುಗ್ಗಿ ಬರುತ್ತದೆ, ಹುಣ್ಣು ಒಣಗಿದಂತೆ ಕಂಡಾಗ "ಸಾಕು ಬಿಡ್ರಿ" ಅನಿಸುತ್ತದೆ. ನಡುವೆ ಬಿಟ್ಟರೆ ಉಳಿದ ರೋಗ ಮತ್ತೆ ಬೆಳೆಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ. ಸಂಘದವರು ಪಾಳಿ ಹಾಕಿಕೊಂಡು ಜೊತೆಗೆ ಹೋಗಬಹುದು. ಊಟದ ಖರ್ಚಿಗೆ ಆಂತರಿಕ ಸಾಲ ಕೊಡಬಹುದು.

ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ಕಿದ್ವಾಯಿ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮೊದಲು ತಾಲೂಕು ಅಥವಾ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ರೆಫರಲ್ ಚೀಟಿ ಪಡೆಯಿರಿ. ರೇಶನ್ ಕಾರ್ಡು, ಆಧಾರ್ ಮತ್ತು ಹಳೆಯ ಚೀಟಿಗಳೆಲ್ಲ ಜೊತೆಗಿರಲಿ.