ಆಕಳು ಕುಡಿಯುವ ನೀರು, ಆಕಳು ತಿನ್ನುವ ನೀರು

ನೀರಿನ ಮಿತಬಳಕೆಯ ಪಾಠದಲ್ಲಿ ‘ಒಂದು ಆಕಳಿಗೆ ಎಷ್ಟು ನೀರು ಬೇಕು?’ ಎಂದು ಕೇಳಿದರೆ ಕೂಡ್ಲಿಗಿ, ಕೊಟ್ಟೂರು ಕಡೆಯ ಮಕ್ಕಳು ಕೊಡದ ಲೆಕ್ಕ ಹೇಳುತ್ತಾರೆ. ನೀರು ಹೊತ್ತವರೇ ಅವರು. ಪ್ರಶಿಕ್ಷಣಾರ್ಥಿಗಳು ಈ ಪೂರ್ವಜ್ಞಾನದಿಂದಲೇ ಆರಂಭಿಸಬೇಕು, ಆದರೆ ಅಲ್ಲಿಗೇ ಪಾಠ ಮುಗಿಸಬಾರದು.

ಕಪ್ಪುಹಲಗೆಯ ಮೇಲೆ ಹೀಗೆ ಬರೆಯಿಸಿ. ಹಾಲು ಕೊಡುವ ಆಕಳು ದಿನಕ್ಕೆ 50 ಲೀಟರ್ ಕುಡಿದರೆ ವರ್ಷಕ್ಕೆ 18,250 ಲೀಟರ್. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಆ ಹೊಲದ ಮೇವಿನ ಬೆಳೆಗೆ ಒಮ್ಮೆ 5 ಸೆಂಟಿಮೀಟರ್ ನೀರು ನಿಲ್ಲಿಸಿದರೆ 200 ಘನ ಮೀಟರ್, ಅಂದರೆ 2 ಲಕ್ಷ ಲೀಟರ್. ಭಾಗಿಸಿ ನೋಡಿದರೆ, ಒಂದೇ ಸಲ ಹಾಯಿಸಿದ ನೀರು ಆ ಆಕಳಿಗೆ ಸುಮಾರು 11 ವರ್ಷ ಕುಡಿಯಲು ಸಾಕು! ಉತ್ತರವನ್ನು ನೀವು ಹೇಳಬೇಡಿ, ಮಕ್ಕಳೇ ಭಾಗಿಸಲಿ.

ಇಲ್ಲಿ ಒಂದು ಎಚ್ಚರಿಕೆ. ಒಂದು ಕಿಲೋ ದನದ ಮಾಂಸಕ್ಕೆ 15,400 ಲೀಟರ್ ನೀರು ಎಂಬ ಜಾಗತಿಕ ಸರಾಸರಿಯನ್ನು ಚಾರ್ಟಿನಲ್ಲಿ ಬರೆದು ತರುವುದುಂಟು. ನೆದರ್ಲೆಂಡ್ಸ್‌ನ ಹುಕ್ಸ್ತ್ರಾ ಮತ್ತು ಮೆಕೊನ್ನೆನ್ ಅವರ ಲೆಕ್ಕವದು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ಮೇವಿನ ನೆಲ ಹೀರಿದ ಮಳೆನೀರು. ಇದನ್ನು ಹೇಳದೆ ಚಾರ್ಟ್ ತೋರಿಸಿದರೆ, ನಾಲ್ಕು ದನ ಕಟ್ಟಿಕೊಂಡ ಮನೆಯ ಮಗು ತನ್ನ ಮನೆಯವರೇ ನೀರು ಪೋಲು ಮಾಡುತ್ತಿದ್ದಾರೆಂದು ತಿಳಿದೀತು. ನೀರಾವರಿ ಹುಲ್ಲು ಬೆಳೆದು ಮಾಂಸಕ್ಕಾಗಿ ದನ ಸಾಕುವುದು ನಮ್ಮ ತಾಲ್ಲೂಕುಗಳ ರೂಢಿಯೂ ಅಲ್ಲ. ಇಲ್ಲಿ ಅಳೆಯಬೇಕಾದುದು ಹಾಲನ್ನು.

ಆದ್ದರಿಂದ ‘ಎಷ್ಟು ನೀರು’ ಎಂಬುದರ ಜೊತೆಗೆ ‘ಯಾವ ನೀರು’ ಎಂದೂ ಕೇಳಬೇಕು. ಹರಪನಹಳ್ಳಿಯ ಮಳೆಯಾಶ್ರಿತ ಹೊಲದ ಜೋಳದ ಸೊಪ್ಪೆ, ಶೇಂಗಾ ಹೊಟ್ಟು ಕಾಳಿನ ಜೊತೆಗೇ ಬಂದವು. ಅವಕ್ಕೆಂದು ಬೇರೆ ನೀರು ಹಾಯಿಸಿಲ್ಲ. ಕೂಡ್ಲಿಗಿಯಲ್ಲಿ ಕೊಳವೆಬಾವಿ ಆಶ್ರಯಿಸಿ ಬೆಳೆದ ನೇಪಿಯರ್ ಹುಲ್ಲು ಅಂತರ್ಜಲವನ್ನೇ ತಿಂದದ್ದು. ಹಡಗಲಿಯ ತುಂಗಭದ್ರಾ ದಂಡೆಯಲ್ಲಿ, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯದ ಕೆಳಗೆ ಲೆಕ್ಕ ಮತ್ತೆ ಬೇರೆ.

ನೀರಿನ ಬಳಕೆಯ ದಕ್ಷತೆ ಎಂದರೆ ಹಾಯಿಸಿದ ನೀರಿಗೆ ಪ್ರತಿಯಾಗಿ ಸಿಕ್ಕ ಹಾಲು. ಮೇವನ್ನು ಕತ್ತರಿಸಿ ಹಾಕಿದರೆ ಕಾಲಡಿ ತುಳಿದು ಹಾಳಾಗುವುದು ಕಡಿಮೆ. ಅಷ್ಟು ನೀರೂ ಉಳಿಯಿತು.

‘ಹಾಗಾದರೆ ಗೊಡ್ಡು ಆಕಳು ಸುಮ್ಮನೆ ನೀರು ತಿನ್ನುತ್ತದೆಯೇ, ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರುವುದಿಲ್ಲ. ಗದರಿಸಿ ಕೂರಿಸಬೇಡಿ. ಸಗಣಿ ಗೊಬ್ಬರವನ್ನು, ಆ ಆಕಳು ಹಾಕಿದ ಎತ್ತುಗಳ ಉಳುಮೆಯನ್ನು ಯಾವ ಕಾಲಂನಲ್ಲಿ ಬರೆಯೋಣ ಎಂದು ತರಗತಿಯನ್ನೇ ಕೇಳಿ.